ತಾತನ ಡ್ರಮ್ಮುಗಳು

ಹಿರಿಯರು ಬಿಟ್ಟುಹೋದ ವಸ್ತು ಯಾರ ಕೈ ಸೇರುತ್ತದೆ ಎನ್ನುವುದು ಸಣ್ಣ ಸಂಗತಿಯಲ್ಲ. ಒಡವೆ, ಸೀರೆ ಮಗಳಿಗೆ. ಕಸುಬು, ಅದರ ಸಲಕರಣೆ ಮಗನಿಗೆ ಎಂಬುದು ಹಳೆಯ ಲೆಕ್ಕ. ಟೆರಿ ಲಿನ್ ಕ್ಯಾರಿಂಗ್ಟನ್ ಮನೆಯಲ್ಲಿ ಈ ಲೆಕ್ಕ ಬದಲಾಯಿತು.

ಈಕೆ ಹುಟ್ಟಿದ್ದು 1965ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮೆಡ್‌ಫರ್ಡ್‌ನಲ್ಲಿ. ತಾತ ಮ್ಯಾಟ್ ಕ್ಯಾರಿಂಗ್ಟನ್ ಜಾಝ್ ಡ್ರಮ್ ವಾದಕರು, ಫ್ಯಾಟ್ಸ್ ವಾಲರ್ ಅಂಥವರ ಜೊತೆ ನುಡಿಸಿದವರು. ತಂದೆಯದು ಸ್ಯಾಕ್ಸೊಫೋನ್. ಮೊಮ್ಮಗಳು ಹುಟ್ಟುವ ಮೊದಲೇ ತಾತ ತೀರಿಕೊಂಡಿದ್ದರು. ಅವರ ಡ್ರಮ್ಮುಗಳು ಏಳು ವರ್ಷದ ಹುಡುಗಿಯ ಪಾಲಾದವು. 11ನೇ ವಯಸ್ಸಿಗೆ ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಿಂದ ಪೂರ್ಣ ವಿದ್ಯಾರ್ಥಿವೇತನ ಬಂತು.

ಜಾಝ್ ಲೋಕದಲ್ಲಿ ಹೆಣ್ಣಿಗೆ ಹಾಡಲು ಜಾಗವಿತ್ತು. ಡ್ರಮ್ಮಿನ ಹಿಂದೆ ಕೂರುವವರು ಸಾಮಾನ್ಯವಾಗಿ ಗಂಡಸರೇ. 1983ರಲ್ಲಿ ನ್ಯೂಯಾರ್ಕಿಗೆ ಹೋದ ಟೆರಿ ಅಲ್ಲೇ ಕೂತರು. ಟೆಲಿವಿಷನ್ ಕಾರ್ಯಕ್ರಮದ ವಾದ್ಯವೃಂದದಲ್ಲಿ ನುಡಿಸಿದರು, ಹರ್ಬಿ ಹ್ಯಾನ್‌ಕಾಕ್, ವೇಯ್ನ್ ಶಾರ್ಟರ್ ಅವರಂಥ ದಿಗ್ಗಜರೊಡನೆ ದೇಶ ಸುತ್ತಿದರು.

ಆಮೇಲೆ ನಿರ್ಮಾಪಕಿಯಾದರು. ನಿರ್ಮಾಪಕರೆಂದರೆ ನಮಗೆ ಸಿನಿಮಾಕ್ಕೆ ದುಡ್ಡು ಹಾಕುವವರ ನೆನಪು. ಸಂಗೀತದಲ್ಲಿ ಹಾಗಲ್ಲ. ಯಾವ ಹಾಡು, ಯಾರ ಕೈಯಲ್ಲಿ ಯಾವ ವಾದ್ಯ, ಯಾವ ಧ್ವನಿ ಮುಂದೆ ಬರಬೇಕು ಎಂದು ತೀರ್ಮಾನಿಸುವ ಕೆಲಸ ಅದು. ದೊಡ್ಡ ಮನೆಯ ಮದುವೆ ಅಡುಗೆಯ ಉಸ್ತುವಾರಿ ಇದ್ದಂತೆ. 2011ರ 'ಮೊಸಾಯಿಕ್ ಪ್ರಾಜೆಕ್ಟ್' ಆಲ್ಬಮ್ಮಿಗೆ ಅವರು ಕರೆದದ್ದು ಹೆಣ್ಣುಮಕ್ಕಳನ್ನೇ. ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಡ್ಯೂಕ್ ಎಲಿಂಗ್ಟನ್, ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ 1962ರಲ್ಲಿ ನುಡಿಸಿದ್ದ 'ಮನಿ ಜಂಗಲ್' ಅನ್ನು ಟೆರಿ 2013ರಲ್ಲಿ ತಮ್ಮ ರೀತಿಯಲ್ಲಿ ಹೊರತಂದರು. 2014ರಲ್ಲಿ ಜಾಝ್ ವಾದ್ಯಸಂಗೀತದ ಆಲ್ಬಮ್ಮಿಗೆ ಕೊಡುವ ಗ್ರ್ಯಾಮಿ ಅದಕ್ಕೆ ದೊರೆತಾಗ, ಆ ವಿಭಾಗದಲ್ಲಿ ಗೆದ್ದ ಮೊದಲ ಮಹಿಳೆ ಇವರಾದರು.

ಇಷ್ಟಕ್ಕೇ ನಿಂತಿದ್ದರೆ ಇದು ಒಬ್ಬಳ ಗೆಲುವಿನ ಕಥೆಯಾಗಿ ಮುಗಿಯುತ್ತಿತ್ತು. ನನಗೆ ಮುಖ್ಯವೆನಿಸುವುದು ಮುಂದಿನದು. ಟೆರಿಗೆ ಮನೆಯೇ ಬಾಗಿಲು ತೆರೆದಿತ್ತು. ಅಂಥ ಮನೆ ಇಲ್ಲದವರ ಗತಿಯೇನು? 2018ರಲ್ಲಿ ಅವರು ಬರ್ಕ್ಲೀಯಲ್ಲೇ ಜಾಝ್ ಮತ್ತು ಲಿಂಗನ್ಯಾಯಕ್ಕೆ ಮೀಸಲಾದ ಸಂಸ್ಥೆಯನ್ನು ಕಟ್ಟಿದರು. ಜಾಝ್ ಕಲಿಯುವವರು ಮೊದಲು ನುಡಿಸುವ 'ಸ್ಟ್ಯಾಂಡರ್ಡ್' ರಚನೆಗಳಲ್ಲಿ ಬಹುಪಾಲು ಗಂಡಸರವೇ. ಅದಕ್ಕೆ ಉತ್ತರವಾಗಿ 2022ರಲ್ಲಿ ಮಹಿಳೆಯರೇ ರಚಿಸಿದ 101 ಕೃತಿಗಳ ಸ್ವರಲಿಪಿಯನ್ನು ಪುಸ್ತಕವಾಗಿ ತಂದರು.

ತಾತನಿಂದ ಅವರಿಗೆ ಬಂದದ್ದು ಒಂದು ಜೊತೆ ಡ್ರಮ್ಮು. ಅವರು ಬಿಟ್ಟುಕೊಡುತ್ತಿರುವುದು ಯಾರ ಮನೆಯ ಹುಡುಗಿಯಾದರೂ ತೆರೆದು ನುಡಿಸಬಹುದಾದ ಪುಸ್ತಕ. ಆಸ್ತಿ ಬೆಳೆಸುವುದೆಂದರೆ ಇದೇ ಅಲ್ಲವೇ?