ಸೆರೆಮನೆಯಲ್ಲಿ ರೂಪುಗೊಂಡ ದೈವಶಾಸ್ತ್ರ: ಮಾರ್ಷಲ್ ಮೇಯರ್ ಮತ್ತು ಯೆಹೂದ್ಯ ವಿಮೋಚನಾ ಚಿಂತನೆ

ನೊಂದವರ ಬಿಡುಗಡೆಯನ್ನು ಧರ್ಮದ ಕೇಂದ್ರದಲ್ಲಿಡುವ ಯೆಹೂದ್ಯ ವಿಮೋಚನಾ ದೈವಶಾಸ್ತ್ರದ ಚರ್ಚೆ ಸಾಮಾನ್ಯವಾಗಿ ಯೆಹೂದ್ಯ ಚಿಂತಕ ಮಾರ್ಕ್ ಎಲಿಸ್ 1987ರಲ್ಲಿ ಪ್ರಕಟಿಸಿದ ಗ್ರಂಥದಿಂದ ಮೊದಲಾಗುತ್ತದೆ. ಪರಿಭಾಷೆಯ ಮಟ್ಟಿಗೆ ಇದು ಸರಿ. ಆದರೆ ಆ ಚಿಂತನೆ ಒಂದು ದಶಕ ಮೊದಲೇ ಅರ್ಜೆಂಟೀನಾದ ಸೆರೆಮನೆಗಳಲ್ಲಿ ಕೃತಿಗಿಳಿದಿತ್ತು ಎಂಬುದು ಈ ಲೇಖನದ ವಾದ.

ಈ ಚಿಂತನೆಯ ಬೇರುಗಳು ಹಳೆಯವು. ಈಜಿಪ್ಟಿನಲ್ಲಿ ನೀವೂ ಪರದೇಶಿಗಳಾಗಿದ್ದಿರಿ, ಆದ್ದರಿಂದ ಪರದೇಶಿಯನ್ನು ಪೀಡಿಸಕೂಡದು ಎಂಬ ಆಜ್ಞೆ ಯೆಹೂದ್ಯರ ಧರ್ಮಗ್ರಂಥವಾದ ತೋರಾದಲ್ಲಿ ಮತ್ತೆ ಮತ್ತೆ ಬರುತ್ತದೆ. ಪಸ್ಕ ಹಬ್ಬದ ರಾತ್ರಿ ಸೇದರ್ ಊಟಕ್ಕೆ ಕುಳಿತ ಮನೆಮಂದಿ ಈಜಿಪ್ಟಿಗೆ ಬಂದೆರಗಿದ ಹತ್ತು ಪಿಡುಗುಗಳನ್ನು ಹೆಸರಿಸುತ್ತಾರೆ. ಒಂದೊಂದಕ್ಕೂ ಬಟ್ಟಲಿನಿಂದ ಒಂದೊಂದು ಹನಿ ದ್ರಾಕ್ಷಾರಸ ತೆಗೆದು ತಟ್ಟೆಗೆ ಬಿಡುತ್ತಾರೆ. ದಬ್ಬಾಳಿಕೆ ನಡೆಸಿದವರೂ ನೊಂದಿದ್ದಾರೆ, ನಮ್ಮ ಬಟ್ಟಲು ತುಂಬಿರಬಾರದು ಎಂದು ಎಷ್ಟೋ ಮನೆಗಳಲ್ಲಿ ಇದಕ್ಕೆ ಅರ್ಥ ಹೇಳುತ್ತಾರೆ. 1969ರ ಏಪ್ರಿಲ್ 4, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಗೆ ವರ್ಷ ತುಂಬಿದ ದಿನ, ಅಮೆರಿಕದ ಯೆಹೂದ್ಯ ಹೋರಾಟಗಾರ ಆರ್ಥರ್ ವಾಸ್ಕೋ ಅವರು ವಾಷಿಂಗ್ಟನ್ನಿನ ಕಪ್ಪು ಜನರ ಚರ್ಚೊಂದರಲ್ಲಿ 'ಸ್ವಾತಂತ್ರ್ಯದ ಸೇದರ್' ನಡೆಸಿದ್ದು ಇದೇ ಜಾಡಿನಲ್ಲಿ.

ಅರ್ಜೆಂಟೀನಾದಲ್ಲಿ ಇದನ್ನು ಕೃತಿಗಿಳಿಸಿದ ಅಮೆರಿಕದ ರಬ್ಬಿ (ಯೆಹೂದ್ಯ ಧರ್ಮಗುರು) ಮಾರ್ಷಲ್ ಮೇಯರ್ ಬ್ಯೂನಸ್ ಐರಿಸ್‌ಗೆ ಬಂದದ್ದು 1959ರಲ್ಲಿ. ಅವರ ಗುರು ಅಬ್ರಹಾಂ ಜೋಶುವಾ ಹೆಶೆಲ್. ಹೀಬ್ರೂ ಪ್ರವಾದಿಗಳ ಕುರಿತು ದೊಡ್ಡ ಗ್ರಂಥ ಬರೆದ ಹೆಶೆಲ್, 1965ರಲ್ಲಿ ಸೆಲ್ಮಾದಲ್ಲಿ ಕಿಂಗ್ ಜೊತೆ ಹೆಜ್ಜೆ ಹಾಕಿದವರು. 1976ರ ಮಾರ್ಚ್‌ನಲ್ಲಿ ಅರ್ಜೆಂಟೀನಾದ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಜನ ಕಾಣೆಯಾಗತೊಡಗಿದರು. ಜನಸಂಖ್ಯೆಯಲ್ಲಿ ಯೆಹೂದ್ಯರ ಪಾಲು ಅತ್ಯಲ್ಪ. ಕಾಣೆಯಾದವರಲ್ಲಿ ಅದರ ಎಷ್ಟೋ ಪಟ್ಟು ಹೆಚ್ಚು. ಹೀಗಿದ್ದೂ ಸಮುದಾಯದ ಮುಖಂಡರಲ್ಲಿ ಹಲವರು ಬಾಯಿ ಬಿಡಲಿಲ್ಲ. ಮೇಯರ್ ಮಾತ್ರ ರಬ್ಬಿಯ ಹಕ್ಕಿನಿಂದ ಸೆರೆಮನೆಯ ಬಾಗಿಲಿಗೆ ಹೋಗಿ ಒಳಗೆ ಬಿಡಿ ಎಂದರು. ಚಿತ್ರಹಿಂಸೆ ಉಂಡ ಪತ್ರಕರ್ತ ಹಕೋಬೊ ಟಿಮರ್‌ಮನ್ 1981ರಲ್ಲಿ ಹೊರತಂದ ತಮ್ಮ ಸೆರೆವಾಸದ ಕಥನವನ್ನು ಮೇಯರ್‌ಗೇ ಅರ್ಪಿಸಿದರು.

ಸೆರೆ ಸಿಕ್ಕವರನ್ನು ಬಿಡಿಸಿ ತರುವುದು ಯೆಹೂದ್ಯ ಧರ್ಮಶಾಸ್ತ್ರದಲ್ಲಿ ಹಳೆಯ ಕರ್ತವ್ಯ. ಶತಮಾನಗಳ ಕಾಲ ಅದು ಮುಖ್ಯವಾಗಿ ತಮ್ಮವರ ಬಿಡುಗಡೆಗೆ ಮೀಸಲಾಗಿತ್ತು. ಮೇಯರ್ ಆ ಬೇಲಿಯನ್ನು ಕಿತ್ತುಹಾಕಿದರು. ನೆರವಿಗಾಗಿ ಬಂದ, ಕಾಣೆಯಾದವರ ತಾಯಂದಿರ ಮತ ಯಾವುದೆಂದು ಅವರು ನೋಡಲಿಲ್ಲ. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ದೈವಶಾಸ್ತ್ರೀಯ ಕೊಡುಗೆ ಇದೇ. ಪ್ರಜಾಪ್ರಭುತ್ವ ಮರಳಿದ ಮೇಲೆ, ಕಾಣೆಯಾದವರ ಬಗ್ಗೆ ತನಿಖೆ ನಡೆಸಿದ ರಾಷ್ಟ್ರೀಯ ಆಯೋಗದಲ್ಲಿ ಅವರೂ ಸದಸ್ಯರಾಗಿದ್ದರು. 1984ರ ಅದರ ವರದಿ 8,960 ಪ್ರಕರಣಗಳನ್ನು ದಾಖಲಿಸಿತು.

ಎಲಿಸ್ ಎದುರಿಸಿದ್ದು ಇನ್ನೂ ಕಠಿಣವಾದ ಪ್ರಶ್ನೆ. ನೊಂದ ಜನರ ಕೈಗೆ ರಾಜ್ಯಾಧಿಕಾರ ಬಂದ ಮೇಲೆ, ಆ ಅಧಿಕಾರದಡಿ ಪ್ಯಾಲೆಸ್ತೀನಿಯರು ನೋಯುತ್ತಿರುವಾಗ, ನಾಜಿ ಹತ್ಯಾಕಾಂಡದ ನೆನಪು ಯಾರ ಪರ ನಿಲ್ಲಬೇಕು? ಪ್ಯಾಲೆಸ್ತೀನಿಯರ ಬಂಡಾಯವಾದ ಮೊದಲ ಇಂತಿಫಾದ ಸಿಡಿದದ್ದೂ ಅವರ ಗ್ರಂಥ ಬಂದ ವರ್ಷವೇ, 1987ರ ಡಿಸೆಂಬರಿನಲ್ಲಿ. ಮೇಯರ್ ಪರರ ಸರ್ಕಾರವನ್ನು ಎದುರುಹಾಕಿಕೊಂಡರೆ, ಎಲಿಸ್ ತಮ್ಮವರ ಸಿಟ್ಟನ್ನೇ ಎದುರಿಸಬೇಕಾಯಿತು.

ಮೇಯರ್ ಅವರ ಕಾಗದಪತ್ರಗಳು ಡ್ಯೂಕ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಎಲಿಸ್ ಅವರ ಗ್ರಂಥದ ಜೊತೆಗೇ ಇವನ್ನೂ ಇಟ್ಟು ಓದುವ ಕೆಲಸವನ್ನು ವಿಮೋಚನಾ ಚಿಂತನೆಯ ಸಂಶೋಧಕರು ಕೈಗೆತ್ತಿಕೊಳ್ಳಬೇಕು.