ಒಂದಾಣೆಯ ಲೆಕ್ಕ ಕೇಳಿದವರು

ಬಜೆಟ್ ಬಂತೆಂದರೆ ನಮ್ಮ ಬ್ಯಾಂಕಿನಲ್ಲಿ ಎಲ್ಲರೂ ಮೊದಲು ನೋಡುವುದು ಇನ್‌ಕಮ್ ಟ್ಯಾಕ್ಸ್ ಸ್ಲ್ಯಾಬ್ ಏನಾಯಿತು ಅಂತ. ಅದರ ಕೆಳಗೆ ಬರುವ ಸೆಸ್‌ನ ಸಾಲನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. 2004ರಲ್ಲಿ ನಾವು ಕಟ್ಟುವ ತೆರಿಗೆಯ ಮೇಲೆ ಶೇ. 2 ಶಿಕ್ಷಣ ಸೆಸ್ ಬಂತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೊಂದು ಶೇ. 1 ಸೇರಿತು. 2018ರಿಂದ ಆರೋಗ್ಯವನ್ನೂ ಜೊತೆಗೆ ಸೇರಿಸಿ ಶೇ. 4 ಮಾಡಿದ್ದಾರೆ. ಮಕ್ಕಳ ಶಾಲೆಗೆ ಅಂತ ಕೊಟ್ಟ ಹಣ ಶಾಲೆಗೇ ಹೋಯಿತೇ? ಈ ಪ್ರಶ್ನೆ ಬಹಳ ಹಳೆಯದು. ಇದನ್ನು ಮೊದಲು ಕೇಳಿದ್ದು ನಾವು ಹೊಟ್ಟೆಪಾಡಿಗೆ ಬಂದು ನೆಲೆಸಿರುವ ಈ ಮುಂಬಯಿ ಪ್ರಾಂತ್ಯದಲ್ಲೇ.

ಮುಂಬಯಿ ಪ್ರಾಂತ್ಯ ಅಂದರೆ ಇವತ್ತಿನ ಮಹಾರಾಷ್ಟ್ರ ಅಷ್ಟೇ ಅಲ್ಲ ನೋಡಿ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ, ಇವು ನಾಲ್ಕೂ 1956ರ ತನಕ ಇದೇ ಖಜಾನೆಗೆ ಸೇರಿದ್ದವು. ಅಲ್ಲಿಯ ಕನ್ನಡ ಶಾಲೆಗಳಿಗಾಗಿ ಡೆಪ್ಯೂಟಿ ಚನ್ನಬಸಪ್ಪನವರು ಪಟ್ಟ ಕಷ್ಟವನ್ನು ನಾವೆಲ್ಲ ಕೇಳಿದ್ದೇವೆ. ಆ ಶಾಲೆಗಳಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು ಅನ್ನುವುದನ್ನು ಮಾತ್ರ ನಾವು ಅಷ್ಟಾಗಿ ವಿಚಾರಿಸಿಲ್ಲ.

1860ರ ದಶಕದಲ್ಲಿ ಈ ಪ್ರಾಂತ್ಯದ ಸರ್ಕಾರ ರೈತ ಕಟ್ಟುವ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಲೋಕಲ್ ಫಂಡ್ ಸೆಸ್ ಹಾಕಿತು. ಅದರಲ್ಲಿ ಮೂರನೆಯ ಒಂದು ಪಾಲು ಶಿಕ್ಷಣಕ್ಕೆ. ಬ್ಯಾಂಕಿನವನಲ್ಲವೇ, ಲೆಕ್ಕ ಹಾಕದೆ ಇರಲಾಗಲಿಲ್ಲ. ಆಣೆಗೆ 12 ಪೈ, ಅದರ ಮೂರನೆಯ ಒಂದು ಪಾಲು 4 ಪೈ. ರೂಪಾಯಿಗೆ 192 ಪೈ. ಅಂದರೆ ಕಂದಾಯದ ಮೇಲೆ ಶೇ. 2ಕ್ಕಿಂತ ಒಂದು ಕೂದಲೆಳೆ ಜಾಸ್ತಿ! 2004ರಲ್ಲಿ ನಮ್ಮ ಸಂಬಳದ ಚೀಟಿಯಲ್ಲಿ ಕಾಣಿಸಿಕೊಂಡ ಶೇ. 2, ನಮ್ಮ ಮುತ್ತಜ್ಜಂದಿರು ಆಗಲೇ ಕಟ್ಟಿದ್ದ ದರ.

ಈ ಒಂದಾಣೆಯ ಲೆಕ್ಕ ಕೇಳಿದವರು ಪುಣೆಯ ಜ್ಯೋತಿಬಾ ಫುಲೆ. ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು ಅಂತ ಅವರನ್ನೂ ಸಾವಿತ್ರಿಬಾಯಿಯವರನ್ನೂ ನಾವು ನೆನೆಯುತ್ತೇವೆ. ಅವರು ಬಜೆಟ್ ಓದುವವರೂ ಆಗಿದ್ದರು ಅನ್ನುವುದು ಅಷ್ಟು ಪ್ರಚಾರದಲ್ಲಿಲ್ಲ. 1876ರಿಂದ ಕೆಲವು ವರ್ಷ ಅವರು ಪುಣೆ ಮುನಿಸಿಪಾಲಿಟಿಯ ಸದಸ್ಯರಾಗಿದ್ದರು. 1880ರಲ್ಲಿ ವೈಸರಾಯ್ ಲಿಟ್ಟನ್ ಪುಣೆಗೆ ಬರುವಾಗ ಸ್ವಾಗತದ ಅಲಂಕಾರಕ್ಕೆ ಒಂದು ಸಾವಿರ ರೂಪಾಯಿ ಖರ್ಚು ಮಾಡುವ ಪ್ರಸ್ತಾಪ ಬಂತು. ಆ ಹಣವನ್ನು ಬಡವರ ಮಕ್ಕಳ ಓದಿಗೆ ಕೊಡಿ ಅಂತ ಹೇಳಿ ವಿರುದ್ಧವಾಗಿ ಮತ ಹಾಕಿದವರು ಫುಲೆ ಒಬ್ಬರೇ. ಅಲಂಕಾರವೇ ಗೆದ್ದಿತು ಅಂತ ಬೇರೆ ಹೇಳಬೇಕಿಲ್ಲ.

ಎರಡು ವರ್ಷದ ಮೇಲೆ, 1882ರಲ್ಲಿ, ಹಂಟರ್ ಶಿಕ್ಷಣ ಆಯೋಗದ ಮುಂದೆ ಅವರು ಲಿಖಿತ ಹೇಳಿಕೆ ಕೊಟ್ಟರು. ಅದರ ಸಾರ ಇಷ್ಟು: ಸರ್ಕಾರದ ಆದಾಯದ ದೊಡ್ಡ ಪಾಲು ಬರುವುದು ರೈತನ ಬೆವರಿನಿಂದ. ಅದು ಖರ್ಚಾಗುವುದು ಮೇಲಿನವರ ಉನ್ನತ ಶಿಕ್ಷಣಕ್ಕೆ. ಆದ್ದರಿಂದ ಸೆಸ್‌ನ ಅರ್ಧ ಭಾಗವನ್ನಾದರೂ ಪ್ರಾಥಮಿಕ ಶಾಲೆಗಳಿಗೇ ಇಡಿ, ಹನ್ನೆರಡು ವರ್ಷದ ತನಕ ಓದನ್ನು ಕಡ್ಡಾಯ ಮಾಡಿ, ಮಾಸ್ತರರಿಗೆ ತಿಂಗಳಿಗೆ 12 ರೂಪಾಯಿಗೆ ಕಡಿಮೆ ಕೊಡಬೇಡಿ. ಮಾಸ್ತರರಾಗುವವರು ನೇಗಿಲು ಹಿಡಿಯಲು ನಾಚದವರಾಗಿರಬೇಕು ಅಂತಲೂ ಬರೆದರು. ಅರ್ಧ ಅಂದರೆ ರೂಪಾಯಿಗೆ 6 ಪೈ, ಶೇ. 3ರ ಆಸುಪಾಸು. 2007ರಲ್ಲಿ ನಮ್ಮ ಸೆಸ್ ಒಟ್ಟು ಎಷ್ಟಾಯಿತು? ಶೇ. 3! ಕಾಕತಾಳೀಯವೇ ಇರಬಹುದು, ಆದರೂ ಮೈ ಜುಮ್ಮೆಂದಿತು. ಫುಲೆ ಕೇಳಿದ ಅರ್ಧ ಪ್ರಾಥಮಿಕ ಶಿಕ್ಷಣ ಒಂದಕ್ಕೇ ಆಗಿತ್ತು, ನಮ್ಮ ಶೇ. 3ರಲ್ಲಿ ಕಾಲೇಜಿನ ಪಾಲೂ ಇತ್ತು ಅನ್ನುವ ವ್ಯತ್ಯಾಸವನ್ನು ಮರೆಯಬಾರದು.

ಎರಡನೆಯವರು ಗೋಪಾಲಕೃಷ್ಣ ಗೋಖಲೆ. ಪುಣೆಯ ಫರ್ಗ್ಯುಸನ್ ಕಾಲೇಜಿನ ಮೇಷ್ಟ್ರು, ಅಂಕಗಣಿತದ ಪಠ್ಯಪುಸ್ತಕ ಬರೆದವರು. 1902ರಲ್ಲಿ ವೈಸರಾಯ್ ಕೌನ್ಸಿಲ್‌ನಲ್ಲಿ ಮೊದಲ ಬಜೆಟ್ ಭಾಷಣ ಮಾಡಿದಾಗ, ಖಜಾನೆಯಲ್ಲಿ ಮಿಗತೆ ಇದೆ ಎಂದರೆ ಜನ ಸುಖವಾಗಿದ್ದಾರೆ ಅಂತ ಅರ್ಥವಲ್ಲ ಅನ್ನುವುದನ್ನು ಸರ್ಕಾರದ ಅಂಕಿಗಳಿಂದಲೇ ತೋರಿಸಿದರು. 1911ರ ಮಾರ್ಚ್‌ನಲ್ಲಿ ಪ್ರಾಥಮಿಕ ಶಿಕ್ಷಣ ಮಸೂದೆ ತಂದರು. ಅದು ಬಹಳ ಮೆತ್ತಗಿನ ಮಸೂದೆ. ಶಾಲಾ ವಯಸ್ಸಿನ ಗಂಡುಹುಡುಗರಲ್ಲಿ ಶೇ. 33ರಷ್ಟು ಮಂದಿ ಈಗಾಗಲೇ ಶಾಲೆಗೆ ಬರುತ್ತಿರುವ ಊರಿನಲ್ಲಿ, ಅಲ್ಲಿಯ ಸ್ಥಳೀಯ ಸಂಸ್ಥೆ ಇಷ್ಟಪಟ್ಟರೆ, ಸರ್ಕಾರ ಒಪ್ಪಿದರೆ, 6ರಿಂದ 10 ವರ್ಷದವರಿಗೆ ಕಡ್ಡಾಯ. ಖರ್ಚಿನಲ್ಲಿ ಮೂರನೆಯ ಎರಡು ಪಾಲು ಸರ್ಕಾರದ್ದು, ಒಂದು ಪಾಲು ಸ್ಥಳೀಯ ಸಂಸ್ಥೆಯದು. ಹೆಣ್ಣುಮಕ್ಕಳಿಗೆ ಕಡ್ಡಾಯ ಆಮೇಲೆ ನೋಡೋಣ ಅಂತ ಬಿಟ್ಟಿದ್ದರು.

ಎದುರಾಳಿಗಳ ವಾದ ಇವತ್ತಿಗೂ ನಮಗೆ ಪರಿಚಿತವೇ. ಹಣ ಇಲ್ಲ, ಜನ ಇನ್ನೂ ತಯಾರಾಗಿಲ್ಲ, ಎಲ್ಲರೂ ಓದಿದರೆ ಹೊಲದಲ್ಲಿ ದುಡಿಯುವವರು ಯಾರು? ಗೋಖಲೆ ಹಣದ ದಾರಿಯನ್ನೂ ತೋರಿಸಿದರು. ಬೇಕಿದ್ದರೆ ಆಮದು ಸುಂಕವನ್ನು ಶೇ. 5ರಿಂದ ಏಳೂವರೆಗೆ ಏರಿಸಿ ಎಂದರು. ಮಾಳವೀಯ, ಜಿನ್ನಾ ಮುಂತಾದವರು ಬೆಂಬಲಕ್ಕೆ ನಿಂತರು. ಆದರೆ ಕೌನ್ಸಿಲ್‌ನಲ್ಲಿ ಸರ್ಕಾರಿ ಸದಸ್ಯರದ್ದೇ ಬಹುಮತ. 1912ರ ಮಾರ್ಚ್‌ನಲ್ಲಿ 38ಕ್ಕೆ 13 ಮತಗಳಿಂದ ಮಸೂದೆ ಬಿತ್ತು. 1915ರಲ್ಲಿ ಗೋಖಲೆ ತೀರಿಕೊಂಡರು.

ಸೋತ ಮಸೂದೆ ಸತ್ತುಹೋಗಲಿಲ್ಲ ಅನ್ನುವುದು ವಿಶೇಷ. 1918ರಲ್ಲಿ ವಿಠ್ಠಲಭಾಯಿ ಪಟೇಲರು ಹೆಚ್ಚುಕಡಿಮೆ ಅದೇ ಹಾದಿಯಲ್ಲಿ ಮುಂಬಯಿ ಪ್ರಾಂತ್ಯದ ಮುನಿಸಿಪಾಲಿಟಿಗಳಿಗೆ ಕಡ್ಡಾಯ ಶಿಕ್ಷಣದ ಕಾನೂನು ತಂದರು. ಅತ್ತ ನಮ್ಮ ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣ ರೆಗ್ಯುಲೇಷನ್ ಮಾಡಿಕೊಂಡಿತ್ತು.

ಮೂರನೆಯವರು ಡಾ. ಅಂಬೇಡ್ಕರ್. ಅವರು ರೂಪಾಯಿಯ ಸಮಸ್ಯೆ, ಪ್ರಾಂತೀಯ ಹಣಕಾಸು ಇವುಗಳ ಮೇಲೆ ಸಂಶೋಧನೆ ಮಾಡಿದ ಅರ್ಥಶಾಸ್ತ್ರಜ್ಞರು ಅನ್ನುವುದನ್ನು ನೆನಪಿಡಿ. 1927ರ ಮಾರ್ಚ್ 12ರಂದು ಮುಂಬಯಿ ಶಾಸನ ಪರಿಷತ್ತಿನಲ್ಲಿ ಶಿಕ್ಷಣದ ಅನುದಾನ ಚರ್ಚೆಗೆ ಬಂದಾಗ ಎದ್ದು ನಿಂತರು. ಈ ವೇಗದಲ್ಲಿ ಹೋದರೆ ಗಂಡುಮಕ್ಕಳೆಲ್ಲ ಶಾಲೆಗೆ ಬರಲು 40 ವರ್ಷ, ಹೆಣ್ಣುಮಕ್ಕಳೆಲ್ಲ ಬರಲು 300 ವರ್ಷ ಬೇಕು ಎಂದರು. ಸೇರಿದ 100 ಮಕ್ಕಳಲ್ಲಿ ನಾಲ್ಕನೆಯ ಇಯತ್ತೆ ಮುಟ್ಟುವವರು 18 ಮಾತ್ರ, ಉಳಿದ 82 ಮಕ್ಕಳು ಮತ್ತೆ ಅನಕ್ಷರರಾಗುತ್ತಾರೆ ಎಂದರು. ಸರ್ಕಾರಿ ಆರ್ಟ್ಸ್ ಕಾಲೇಜುಗಳ ಖರ್ಚಿನಲ್ಲಿ ಶೇ. 36, ಹೈಸ್ಕೂಲುಗಳದ್ದರಲ್ಲಿ ಶೇ. 31 ವಿದ್ಯಾರ್ಥಿಗಳ ಫೀಸಿನಿಂದಲೇ ಬರುತ್ತಿದೆ, ಇದು ಶಿಕ್ಷಣದ ವ್ಯಾಪಾರ ಎಂದು ಆಕ್ಷೇಪಿಸಿದರು.

ಅವರ ಇನ್ನೊಂದು ಲೆಕ್ಕ ನನಗೆ ಬಹಳ ಹಿಡಿಸಿದ್ದು. ಪ್ರಾಂತ್ಯದಲ್ಲಿ ಶಿಕ್ಷಣಕ್ಕೆ ತಲೆಗೆ ಖರ್ಚಾಗುವುದು 14 ಆಣೆ. ಅಬಕಾರಿಯಿಂದ ತಲೆಗೆ ವಸೂಲಾಗುವುದು ಎರಡು ರೂಪಾಯಿ ಎರಡಾಣೆ ಒಂಬತ್ತು ಪೈ. ಹೆಂಡ ಕುಡಿಸಿ ಜನರಿಂದ ತೆಗೆದುಕೊಳ್ಳುವಷ್ಟನ್ನಾದರೂ ಅವರ ಓದಿಗೆ ವಾಪಸು ಕೊಡಿ ಅಂತ ಅವರ ಬೇಡಿಕೆ. ಡೆಬಿಟ್ಟು, ಕ್ರೆಡಿಟ್ಟು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು, ಅಷ್ಟೇ.

ಈ ಮೂವರಲ್ಲಿ ಯಾರ ಹಿಂದೆಯೂ ಸಭೆಯಲ್ಲಿ ಬಹುಮತ ಇರಲಿಲ್ಲ. ಮೂವರೂ ಆ ಹೊತ್ತಿಗೆ ಸೋತರು. ಆದರೆ ಅವರು ಬಿಟ್ಟುಹೋದ ಲೆಕ್ಕವನ್ನು ಯಾರಿಂದಲೂ ಅಳಿಸಲಾಗಲಿಲ್ಲ. 2002ರಲ್ಲಿ ಸಂವಿಧಾನದ 86ನೇ ತಿದ್ದುಪಡಿ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಫುಲೆಯವರ ಹೇಳಿಕೆಯಿಂದ ಲೆಕ್ಕ ಹಾಕಿದರೆ 128 ವರ್ಷ.

ಹಾಗಾದರೆ ಈಗ ಎಲ್ಲ ಸರಿಹೋಯಿತೇ? ಕೊಠಾರಿ ಆಯೋಗ 1966ರಲ್ಲಿ ರಾಷ್ಟ್ರೀಯ ಆದಾಯದ ಶೇ. 6ರಷ್ಟು ಶಿಕ್ಷಣಕ್ಕೆ ಬೇಕು ಎಂದಿತು. 2020ರ ಶಿಕ್ಷಣ ನೀತಿಯೂ ಅದೇ ಶೇ. 6ನ್ನು ಗುರಿಯೆಂದು ಬರೆದುಕೊಂಡಿದೆ. ಅರ್ಧ ಶತಮಾನ ದಾಟಿದರೂ ಅದನ್ನು ಮುಟ್ಟಿಲ್ಲ. ಇನ್ನು ನಮ್ಮ ಶೇ. 1ರ ಪ್ರೌಢ ಮತ್ತು ಉನ್ನತ ಶಿಕ್ಷಣ ಸೆಸ್ಸು. ಹತ್ತು ವರ್ಷ ವಸೂಲಾದ 83,497 ಕೋಟಿ ರೂಪಾಯಿಗೆ ಪ್ರತ್ಯೇಕ ನಿಧಿಯನ್ನೇ ತೆರೆದಿರಲಿಲ್ಲ ಅಂತ ಸಿಎಜಿ 2017ರಲ್ಲಿ ವರದಿ ಕೊಟ್ಟಿತು. ನಿಧಿಗೆ ಸಂಪುಟದ ಒಪ್ಪಿಗೆ ಸಿಕ್ಕಿದ್ದೂ ಅದೇ ವರ್ಷ. ನಮ್ಮಲ್ಲಿ ಗಿರಾಕಿ ಆರ್‌ಡಿಗೆ ಅಂತ ಕಟ್ಟಿದ ಹಣಕ್ಕೆ ಹತ್ತು ವರ್ಷ ಖಾತೆಯನ್ನೇ ತೆರೆಯದಿದ್ದರೆ ಮ್ಯಾನೇಜರ್ ಗತಿ ಏನಾದೀತು, ನೀವೇ ಹೇಳಿ! ಶಾಲೆಯ ಹಣಕ್ಕೆ ಕತ್ತರಿ ಬೀಳುವುದು ಯಾವಾಗಲೂ ಎದ್ದು ಕಾಣುವುದಿಲ್ಲ. ಶಾಲೆಯ ಹೆಸರಿನಲ್ಲಿ ವಸೂಲಾದದ್ದು ಶಾಲೆಯ ಖಾತೆಗೆ ಜಮಾ ಆಗದಿದ್ದರೂ ಅದು ಕತ್ತರಿಯೇ.

ಮುಂಬಯಿ ಮಹಾನಗರಪಾಲಿಕೆ ಕನ್ನಡದಲ್ಲೂ ಶಾಲೆ ನಡೆಸುತ್ತ ಬಂದಿದೆ. ಹೋಟೆಲು, ಮಿಲ್ಲುಗಳಲ್ಲಿ ದುಡಿದವರ ಮಕ್ಕಳು ಅಲ್ಲಿ ಓದಿ ಮೇಲೆ ಬಂದಿದ್ದಾರೆ. ಈಗ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ತರಗತಿಗಳು ಮುಚ್ಚುತ್ತಿವೆ. ನಮ್ಮ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ಊಟದ ಖರ್ಚಿಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಪಾಲಿಕೆಯ ಶಿಕ್ಷಣ ಬಜೆಟ್ ತರಿಸಿ ಓದಿದ ಸಂಘವನ್ನು ನಾನಂತೂ ಕಂಡಿಲ್ಲ.

ಫುಲೆಗೆ ಇಲ್ಲದ ಎರಡು ಅನುಕೂಲ ನಮಗಿವೆ. ಒಂದು, 2005ರ ಮಾಹಿತಿ ಹಕ್ಕು. ಹತ್ತು ರೂಪಾಯಿಯ ಅರ್ಜಿ ಸಾಕು. ಇನ್ನೊಂದು, ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕು. ಶಾಲೆಯ ಅನುದಾನ ಎಲ್ಲಿ ಹೋಯಿತು ಎಂದು ನೋಡುವುದು ಅವರ ಕೆಲಸ. ಬಹಳ ಕಡೆ ಆ ಪಾಲಕರು ತೋರಿಸಿದಲ್ಲಿ ಸಹಿ ಹಾಕಿ ಕೆಲಸಕ್ಕೆ ಓಡುತ್ತಾರೆ. ಅವರು ದಿನಗೂಲಿಯವರು, ಅವರನ್ನು ದೂರುವಂತಿಲ್ಲ. ಕೂಡುವ ಕಳೆಯುವ ಲೆಕ್ಕ ಬಲ್ಲ ನಾವು, ಅದರಲ್ಲೂ ನಿವೃತ್ತಿಯ ಹತ್ತಿರ ಬಂದಿರುವ ನನ್ನಂಥ ಬ್ಯಾಂಕಿನವರು, ಇಂಥ ಒಬ್ಬ ಪಾಲಕರ ಪಕ್ಕದಲ್ಲಿ ಅರ್ಧ ಗಂಟೆ ಕೂತು ಆ ಕಾಗದ ಓದಿ ಹೇಳಬಹುದಲ್ಲವೇ? ನಿಮ್ಮ ಹತ್ತಿರದ ಸರ್ಕಾರಿ ಶಾಲೆ ಯಾವುದು ಅಂತ ಒಮ್ಮೆ ಯೋಚಿಸಿ ನೋಡಿ.