ಶ್ರೀರಂಗಪಟ್ಟಣದ ಪಟ, ಹಲಸೂರಿನ ಪರದೆ

1800ರ ಏಪ್ರಿಲ್‌ನಲ್ಲಿ ಲಂಡನ್ನಿನ ಲೈಸಿಯಂ ಕಟ್ಟಡಕ್ಕೆ ದುಡ್ಡು ಕೊಟ್ಟು ಒಳಹೊಕ್ಕವರು ನೇರ ಶ್ರೀರಂಗಪಟ್ಟಣಕ್ಕೇ ಹೋಗಿ ನಿಂತಂತಾಗುತ್ತಿತ್ತು. ಎಡಕ್ಕೆ ತಿರುಗಿದರೂ ಯುದ್ಧ, ಬಲಕ್ಕೆ ತಿರುಗಿದರೂ ಯುದ್ಧ. ಒಡೆದ ಕೋಟೆಗೋಡೆ, ಹೊಗೆ, ಮೇಲಕ್ಕೆ ಹತ್ತುತ್ತಿರುವ ಕೆಂಪು ಕೋಟಿನ ಸೈನಿಕರು. ಟಿಪ್ಪು ಸುಲ್ತಾನ್ ಮಡಿದದ್ದು 1799ರ ಮೇ 4ರಂದು. ಅದಕ್ಕಿನ್ನೂ ವರ್ಷ ತುಂಬಿರಲಿಲ್ಲ. ಪಟ ಬರೆದವನು ರಾಬರ್ಟ್ ಕೆರ್ ಪೋರ್ಟರ್, ಇಪ್ಪತ್ತರ ಹರೆಯದ ಚಿತ್ರಕಾರ. ಬಟ್ಟೆಯ ಉದ್ದ 120 ಅಡಿ. ಆರೇ ವಾರದಲ್ಲಿ ಬರೆದು ಮುಗಿಸಿದನೆಂಬ ಮಾತಿದೆ. ಕಾವೇರಿಯನ್ನಾಗಲಿ ಕೋಟೆಯನ್ನಾಗಲಿ ಆತ ಕಣ್ಣಾರೆ ಕಂಡವನಲ್ಲ.

ಈ ಜಾತಿಯ ಪಟಕ್ಕೆ ಪನೋರಮಾ ಎಂದು ಹೆಸರು. 1787ರಲ್ಲಿ ರಾಬರ್ಟ್ ಬಾರ್ಕರ್ ಎಂಬ ಐರಿಷ್ ಚಿತ್ರಕಾರ ಅದಕ್ಕೆ ಪೇಟೆಂಟ್ ಪಡೆದಿದ್ದ. ಅದರ ಗುಟ್ಟು ಚಿತ್ರಕ್ಕಿಂತ ಹೆಚ್ಚಾಗಿ ಕಟ್ಟಡದಲ್ಲೇ ಅಡಗಿತ್ತು. ನೋಡಲು ಬಂದವರನ್ನು ಮೊದಲು ಕತ್ತಲೆಯ ಓಣಿಯಲ್ಲಿ ನಡೆಸಿ, ಹೊರಗಿನ ಬೆಳಕನ್ನು ಮರೆಸಿ, ಮೆಟ್ಟಿಲು ಹತ್ತಿಸಿ, ನಡುವಿನ ಜಗಲಿಗೆ ತಂದು ಬಿಡುತ್ತಿದ್ದರು. ಬೆಳಕು ಬೀಳುತ್ತಿದ್ದುದು ಮೇಲಿನಿಂದ, ಅದೂ ಕಿಂಡಿ ಕಾಣದ ಹಾಗೆ. ಪಟದ ಮೇಲಂಚು ಕೆಳಂಚು ಎರಡನ್ನೂ ಮರೆಮಾಡಿರುತ್ತಿದ್ದರು. ಅಂಚು ಕಂಡರೆ ತಾನೆ ಅದು ಚಿತ್ರ? ಕಾಣದಿದ್ದರೆ ಊರು. ಇವತ್ತು ಮಾಲ್‌ಗಳಲ್ಲಿ ತಲೆಗೆ ಬಿಗಿಯುವ ವಿಆರ್ ಹೆಡ್‌ಸೆಟ್ ಮಾಡುವುದೂ ಇದನ್ನೇ: ಅಂಚನ್ನು ಬಚ್ಚಿಡುತ್ತದೆ.

ಹೀಗೆ ಕನ್ನಡ ನಾಡಿನ ಒಂದು ಊರು ಜಗತ್ತಿನ ಮೊದಮೊದಲ ಮಾಯಾಲೋಕಗಳಲ್ಲಿ ಒಂದಾಯಿತು. ಟಿಕೆಟ್ ಕೊಂಡು ನೋಡಿದವರು ಮಾತ್ರ ಗೆದ್ದ ಕಡೆಯವರು. ಪಟ ಮುಂದೆ ಬೆಂಕಿಗೆ ಸಿಕ್ಕಿ ಹೋಯಿತು. ಅದರ ಆಧಾರದ ಮೇಲೆ ಮಾಡಿದ ಅಚ್ಚುಚಿತ್ರಗಳು ಉಳಿದವು.

ಪಟದಲ್ಲಿದ್ದ ಕೆಂಪು ಕೋಟುಗಳ ಮುಂದಿನ ಕಥೆ ಹಲಸೂರಿಗೆ ಬರುತ್ತದೆ. ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಬ್ರಿಟಿಷ್ ಪಡೆಯನ್ನು ಮಲೇರಿಯಾ ಕಾಡಿತು. 1809ರಲ್ಲಿ ದಂಡನ್ನು ಬೆಂಗಳೂರಿನ ಪೂರ್ವಕ್ಕೆ, ಹಲಸೂರು ಕೆರೆಯ ಆಸುಪಾಸಿನ ಬಯಲಿಗೆ ಸಾಗಿಸಿದರು. ದಂಡು ಎಂಬ ಹೆಸರು ಅಲ್ಲಿಂದ ನಿಂತಿತು. ಸೋಮೇಶ್ವರ ದೇವಸ್ಥಾನದ ಹಳೆಯ ಊರಿನ ಪಕ್ಕದಲ್ಲೇ ಪೆರೇಡ್ ಮೈದಾನ, ಚರ್ಚು, ಬ್ಯಾಂಡು, ಬಾಲ್‌ರೂಮ್‌ಗಳ ಇನ್ನೊಂದು ಊರು ಎದ್ದಿತು. ಮನೆ ಬಿಟ್ಟು ಸಾವಿರಾರು ಮೈಲಿ ಬಂದವರಿಗೆ ಸಂಜೆಯ ಎರಡು ಗಂಟೆಯಾದರೂ ತಮ್ಮೂರಿನಲ್ಲಿ ಇದ್ದಂತೆ ಅನ್ನಿಸಬೇಕಿತ್ತು. ದಂಡಿನ ಮನರಂಜನೆಯ ವ್ಯಾಪಾರ ಬೆಳೆದದ್ದು ಈ ಬೇಡಿಕೆಯ ಮೇಲೆ.

ಶಿವಾಜಿನಗರದ ಎಲ್ಗಿನ್ ಟಾಕೀಸ್ 1896ರದ್ದೆಂದು ಪ್ರತೀತಿ. ವೈಸರಾಯ್ ಎಲ್ಗಿನ್ ಹೆಸರು ಹೊತ್ತ ಅದು ಮೊದಲು ನಾಟಕ ಕಂಡಿತು, ಆಮೇಲೆ ಮೂಕಿ, ಆಮೇಲೆ ಟಾಕಿ. ರೆಸಿಡೆನ್ಸಿ ರಸ್ತೆ ಬ್ರಿಗೇಡ್ ರಸ್ತೆಯನ್ನು ಸಂಧಿಸುವ ಮೂಲೆಯಲ್ಲಿ ಆಪೆರಾ ಹೌಸ್ ಇತ್ತು. ಸೌತ್ ಪೆರೇಡಿನಲ್ಲಿ, ಅಂದರೆ ಈಗಿನ ಎಂ.ಜಿ. ರಸ್ತೆಯಲ್ಲಿ, 1936ರಲ್ಲಿ ಪ್ಲಾಜಾ ತೆರೆಯಿತು. ಹಲಸೂರಿನವರಿಗೆ ಆಮೇಲೆ ಕಾಲ್ನಡಿಗೆಯಲ್ಲೇ ಲಿಡೋ, ಕೆರೆಯ ಪಕ್ಕದಲ್ಲೇ ಲಾವಣ್ಯ. ಇಂಗ್ಲಿಷ್, ತಮಿಳು, ಹಿಂದಿ ಚಿತ್ರ ಬೇಕಾದರೆ ಇಲ್ಲಿ. ಕನ್ನಡ ಚಿತ್ರ ಬೇಕಾದರೆ ಬಸ್ಸು ಹತ್ತಿ ಮೆಜೆಸ್ಟಿಕ್‌ಗೆ. ದಂಡು 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ವಾಪಸಾಯಿತು, 1949ರಲ್ಲಿ ದಂಡು, ಪೇಟೆಗಳ ಎರಡೂ ಪುರಸಭೆಗಳು ಒಂದಾದವು. ಪರದೆಗಳು ಮಾತ್ರ ಒಂದಾಗಲು ಬಹಳ ಕಾಲ ಹಿಡಿಯಿತು. ಎರಡರ ನಡುವಿನ ಕಬ್ಬನ್ ಪಾರ್ಕ್ ದಾಟುವುದೇ ಆ ದಿನಗಳಲ್ಲಿ ಒಂದು ಲೋಕದಿಂದ ಇನ್ನೊಂದಕ್ಕೆ ಹೋಗುವುದಾಗಿತ್ತು. ಅದಕ್ಕೆ ಯಾವ ಕನ್ನಡಕವೂ ಬೇಕಿರಲಿಲ್ಲ.

ಕನ್ನಡಕ ಬಂದದ್ದು 1984ರಲ್ಲಿ. ನವೋದಯ ಸ್ಟುಡಿಯೋದವರ ಮಲಯಾಳಂ ಚಿತ್ರ ‘ಮೈ ಡಿಯರ್ ಕುಟ್ಟಿಚಾತ್ತನ್’ ಭಾರತದ ಮೊದಲ ತ್ರೀಡಿ ಸಿನಿಮಾ. ಪರದೆಯಿಂದ ಐಸ್‌ಕ್ರೀಮ್ ಮೂಗಿನ ತುದಿಗೆ ಬಂತೆಂದು ಕೈಚಾಚಿದ ಮಕ್ಕಳ ತಲೆಮಾರು ಈಗ ಐವತ್ತರ ಆಚೀಚೆ ಇದೆ. ಒಬ್ಬರು ಹಾಕಿ ಬಿಟ್ಟ ಕನ್ನಡಕವನ್ನು ಇನ್ನೊಬ್ಬರು ಹಾಕಿಕೊಂಡರೆ ಕಣ್ಣುಬೇನೆ, ಬೆಂಗಳೂರಿನವರು ಅನ್ನುವ ‘ಮದ್ರಾಸ್ ಐ’, ಅಂಟುತ್ತದೆಂಬ ಸುದ್ದಿ ಹಬ್ಬಿತು. ಕನ್ನಡಕಗಳನ್ನು ಶುದ್ಧಮಾಡಿಯೇ ಕೊಡುತ್ತೇವೆ ಎಂದು ನಿರ್ಮಾಪಕರು ಜನರನ್ನು ಒಪ್ಪಿಸಬೇಕಾಯಿತು. ಇವತ್ತು ವಿಆರ್ ಆಟದಂಗಡಿಯ ಹುಡುಗ ಪ್ರತಿ ಗಿರಾಕಿಯ ನಂತರ ಹೆಡ್‌ಸೆಟ್ಟಿನ ಸ್ಪಂಜನ್ನು ಒರೆಸುವುದನ್ನು ಕಂಡರೆ ಆ ಹಳೆಯ ಫಜೀತಿ ನೆನಪಾಗದೆ ಇರದು. ಕನ್ನಡದಲ್ಲಿ ‘ಕುರುಕ್ಷೇತ್ರ’ ಮತ್ತು ‘ವಿಕ್ರಾಂತ್ ರೋಣ’ದಂಥ ದೊಡ್ಡ ತ್ರೀಡಿ ಚಿತ್ರಗಳು ಬಂದದ್ದು 2019 ಮತ್ತು 2022ರಲ್ಲಿ. ಅಷ್ಟು ಹೊತ್ತಿಗೆ ತ್ರೀಡಿಯ ಬೆರಗೇ ಮಾಸಿತ್ತು.

ಈ ಕನ್ನಡಕಗಳಿಗೂ ಮೊದಲೇ ಬೇರೆ ಕಡೆ ಬೇರೆಯದೇ ಕೆಲಸ ನಡೆದಿತ್ತು. 1968ರಲ್ಲಿ ಅಮೆರಿಕದ ಐವಾನ್ ಸದರ್ಲ್ಯಾಂಡ್ ತಲೆಗೆ ಹಾಕುವ ಮೊದಲ ಕಂಪ್ಯೂಟರ್ ಪರದೆಯನ್ನು ತೋರಿಸಿದ. ಭಾರ ತಡೆಯದೆ ಅದನ್ನು ಛಾವಣಿಗೆ ತೂಗುಹಾಕಿದ್ದರು. ಒಳಗೆ ಕಾಣುತ್ತಿದ್ದುದು ಗಾಳಿಯಲ್ಲಿ ತೇಲುವ ಗೆರೆಗಳ ಒಂದು ಘನಾಕೃತಿ. ತಲೆ ಸರಿಸಿದರೆ ಅದರ ಇನ್ನೊಂದು ಮಗ್ಗುಲು ಕಾಣುತ್ತಿತ್ತು. ಬಾರ್ಕರನ ಕಟ್ಟಡದಲ್ಲಿ ಲೋಕ ನಿಂತಿತ್ತು, ಮನುಷ್ಯ ತಿರುಗುತ್ತಿದ್ದ. ಸದರ್ಲ್ಯಾಂಡನ ಯಂತ್ರದಲ್ಲಿ ಮನುಷ್ಯ ತಿರುಗಿದಂತೆಲ್ಲ ಲೋಕವನ್ನು ಹೊಸದಾಗಿ ಬರೆಯಬೇಕು. ಇವತ್ತಿನ ಹೆಡ್‌ಸೆಟ್ಟಿನ ಇಡೀ ಪಾಡು ಇದೇ: ಬರೆಯುವುದು ಕಣ್ಣೆವೆ ಇಕ್ಕುವಷ್ಟು ತಡವಾದರೂ ನೋಡುವವನಿಗೆ ತಲೆಸುತ್ತು.

ದಂಡಿಗೆ ಕಂಪ್ಯೂಟರಿನ ಲೋಕ ಬಂದದ್ದು ಕಾಫಿಯ ಜೊತೆ. 1996ರ ಜುಲೈನಲ್ಲಿ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕೆಫೆ ಕಾಫಿ ಡೇ ಒಂದು ಸೈಬರ್ ಕೆಫೆ. ಚಿಕ್ಕಮಗಳೂರಿನ ತೋಟದ ಬೀಜ, ಮೇಜಿನ ಮೇಲೆ ಇಂಟರ್ನೆಟ್. ಮರುವರ್ಷವೇ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಕಟ್ಟಿದರು. ಭಾರತದ ಮೊದಲ ಗೇಮ್ ಕಂಪನಿ ಎಂದೇ ಅದಕ್ಕೆ ಹೆಸರು. ಪರದೇಶದ ಆಟಗಳಿಗೆ ಕಾರು, ಕಟ್ಟಡ, ಮರ, ಮನುಷ್ಯರನ್ನು ಮಾಡಿಕೊಡುವುದು ಅವರ ಕಸುಬು. 2019ರಲ್ಲಿ ಅದನ್ನು ‘ಗ್ರ್ಯಾಂಡ್ ಥೆಫ್ಟ್ ಆಟೊ’ದ ಒಡೆಯರಾದ ರಾಕ್‌ಸ್ಟಾರ್ ಕೊಂಡುಕೊಂಡರು.

ಅದಕ್ಕೆ ಹಿಂದಿನ ವರ್ಷ, 2018ರ ಸೆಪ್ಟೆಂಬರ್‌ನಲ್ಲಿ, ಬಹುಕಾಲ ಬಾಗಿಲು ಹಾಕಿದ್ದ ಆಪೆರಾ ಹೌಸ್ ಮತ್ತೆ ತೆರೆಯಿತು. ಈ ಸಲ ಸ್ಯಾಮ್‌ಸಂಗ್‌ನ ಅಂಗಡಿಯಾಗಿ, 33,000 ಚದರ ಅಡಿಯಲ್ಲಿ. ಹಳೆಯ ಕಂಬ ಕಮಾನುಗಳ ಕೆಳಗೆ ಅಲುಗಾಡುವ ಕುರ್ಚಿಗಳನ್ನಿಟ್ಟರು. ಕುಳಿತು ಹೆಡ್‌ಸೆಟ್ ತೊಟ್ಟರೆ ಬೆಟ್ಟದ ಇಳಿಜಾರು, ದೋಣಿ, ಸೈಕಲ್ಲು. ಸಾಹೇಬರಿಗೆ ಅವರ ಊರನ್ನು ತೋರಿಸಲು ಕಟ್ಟಿದ ಮನೆಯಲ್ಲಿ ಬೆಂಗಳೂರಿನ ಹುಡುಗರು ಇನ್ನೆಲ್ಲಿಯದೋ ನದಿಯಲ್ಲಿ ಹುಟ್ಟು ಹಾಕಿದರು. ಎಲ್ಗಿನ್, ಪ್ಲಾಜಾ ಎರಡೂ ಈಗಿಲ್ಲ. ಲಿಡೋ ಇದ್ದ ಜಾಗದಲ್ಲಿ ಮಾಲ್ ಇದೆ. ದಂಡಿನ ಮನರಂಜನಾ ಮನೆಗಳಲ್ಲಿ ಹಳೆಯ ಕಟ್ಟಡವನ್ನು ಉಳಿಸಿಕೊಂಡು ಹೊಸ ಮಾಯೆಗೆ ಮೈಯೊಡ್ಡಿದ್ದು ಆಪೆರಾ ಹೌಸ್.

ನೋಡುವ ಜಾಗ ಎಂ.ಜಿ. ರಸ್ತೆಯಾದರೆ, ಮಾಡುವ ಜಾಗ ಇನ್ನೂ ಪೂರ್ವಕ್ಕೆ ಸರಿದಿದೆ. ಎಂ.ಜಿ. ರಸ್ತೆಯ ತುದಿಯ ಟ್ರಿನಿಟಿ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಹಲಸೂರು, ಇಂದಿರಾನಗರ, ಬೈಯಪ್ಪನಹಳ್ಳಿ, ಕೆ.ಆರ್. ಪುರ ದಾಟಿ ಮಹದೇವಪುರದ ಕಡೆ ಹೋಗಬಹುದು. ಆ್ಯನಿಮೇಶನ್, ವಿಶುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್‌ಗೆಂದು 2012ರಲ್ಲಿ ದೇಶದಲ್ಲೇ ಮೊದಲು ನೀತಿ ತಂದದ್ದು ಕರ್ನಾಟಕ. 2022ರಲ್ಲಿ ಮಹದೇವಪುರದಲ್ಲಿ ಇದಕ್ಕಾಗಿ ಉತ್ಕೃಷ್ಟತಾ ಕೇಂದ್ರವೂ ಶುರುವಾಯಿತು. 2024ರಿಂದ 29ರವರೆಗಿನ ಹೊಸ ನೀತಿಯ ಹೆಸರಿಗೆ ‘ಎಕ್ಸ್‌ಆರ್’ ಸೇರಿತು. ಹೆಡ್‌ಸೆಟ್ ಲೋಕಗಳ ಒಟ್ಟು ಹೆಸರು ಅದು.

ಕೈಕೆಲಸದಲ್ಲಿ ಬೆಂಗಳೂರು ಯಾರಿಗೂ ಕಡಿಮೆಯಿಲ್ಲ. 2019ರ ‘ದ ಲಯನ್ ಕಿಂಗ್’ ಚಿತ್ರದ ನಿರ್ದೇಶಕ ಜಾನ್ ಫಾವ್ರೊ ಮತ್ತು ತಂಡ ಲಾಸ್ ಏಂಜಲೀಸಿನಲ್ಲಿ ವಿಆರ್ ಹೆಡ್‌ಸೆಟ್ ತೊಟ್ಟು, ಕಂಪ್ಯೂಟರಿನಲ್ಲಿ ಕಟ್ಟಿದ ಆಫ್ರಿಕಾದ ಬಯಲಲ್ಲಿ ಓಡಾಡಿ, ಕ್ಯಾಮೆರಾ ಎಲ್ಲಿಡಬೇಕೆಂದು ತೀರ್ಮಾನಿಸಿದರು. ಇಡೀ ಚಿತ್ರದಲ್ಲಿ ನಿಜವಾದ ಕ್ಯಾಮೆರಾ ಹಿಡಿದ ದೃಶ್ಯ ಒಂದೇ, ಆರಂಭದ ಸೂರ್ಯೋದಯ. ಉಳಿದ ಹುಲ್ಲು, ಕೇಸರ, ಧೂಳು ಎಲ್ಲ ಎಂಪಿಸಿ ಸ್ಟುಡಿಯೋದವರದು, ಅದರಲ್ಲಿ ಬೆಂಗಳೂರಿನ ಕಲಾವಿದರ ಪಾಲೂ ಉಂಟು. 2025ರ ಫೆಬ್ರುವರಿಯಲ್ಲಿ ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದುಬಿತ್ತು. ಭಾರತದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರ ಕೆಲಸ ರಾತ್ರೋರಾತ್ರಿ ಅತಂತ್ರವಾಯಿತು. ಲೋಕ ಕಟ್ಟಿಕೊಡುವ ಕೂಲಿ ಇಲ್ಲಿ, ಲೋಕದ ಒಡೆತನ ಅಲ್ಲಿ ಎಂಬ ಏರ್ಪಾಡಿನ ದುರ್ಬಲ ಜಾಗ ಯಾವುದೆಂದು ಅಂದು ಕಂಡಿತು.

ಒಡೆತನದವರ ಪಾಡೂ ನೆಟ್ಟಗಿಲ್ಲ. 2021ರಲ್ಲಿ ಹೆಸರನ್ನೇ ‘ಮೆಟಾ’ ಎಂದು ಬದಲಿಸಿಕೊಂಡ ಫೇಸ್‌ಬುಕ್ ಕಂಪನಿ, ತನ್ನ ವಿಆರ್ ವಿಭಾಗದಲ್ಲಿ 2020ರಿಂದ 2024ರ ಕೊನೆಯವರೆಗೆ 60 ಶತಕೋಟಿಗೂ ಹೆಚ್ಚು ಡಾಲರ್ ಕಳೆದುಕೊಂಡಿತು. ಹೆಡ್‌ಸೆಟ್ಟಿನೊಳಗೆ ಅದು ಕಟ್ಟಹೊರಟ ‘ಮೆಟಾವರ್ಸ್’ ಎಂಬ ಲೋಕದಲ್ಲಿ ಜನ ಹೋಗಿ ನೆಲೆಸಲಿಲ್ಲ. ತಲೆಗೆ ಭಾರ, ಕಣ್ಣಿಗೆ ದಣಿವು, ಜೇಬಿಗೆ ಹೊರೆ. ಕೃತಕ ಬುದ್ಧಿಮತ್ತೆಯ ಮಾತು ಶುರುವಾದ ಮೇಲೆ ಮೆಟಾವರ್ಸ್ ಪದವನ್ನು ಉಚ್ಚರಿಸುವವರೇ ಕಡಿಮೆಯಾದರು. ಮುಂದಿನ ದಿನಗಳು ಹಗುರವಾದ ಕನ್ನಡಕಗಳವು ಎಂದು ಕಂಪನಿಗಳು ಹೇಳುತ್ತಿವೆ. ಹೇಳಲಿ.

ಬೆಂಗಳೂರಿನಲ್ಲಿ ಇದೇ ಕಾಲಕ್ಕೆ ನಡೆದ ಇನ್ನೊಂದು ಕೆಲಸಕ್ಕೆ ಇಷ್ಟು ಸದ್ದಿಲ್ಲ, ಇಷ್ಟು ದುಡ್ಡೂ ಇಲ್ಲ. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ 2021ರಲ್ಲಿ ಬೆಂಗಳೂರಿನ ಶಾಸನಗಳ ತ್ರೀಡಿ ಸ್ಕ್ಯಾನಿಂಗ್ ಶುರುಮಾಡಿತು. ಹಿಂದೆ ಶಾಸನ ಓದಬೇಕಾದರೆ ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಗೆ ಇಳಿಸಿ, ಮಸಿಯ ಗಂಟು ತಟ್ಟಬೇಕಿತ್ತು. ಅಕ್ಷರ ಬೆಳ್ಳಗೆ ಉಳಿಯುತ್ತಿತ್ತು. ಈಗ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಕಲ್ಲಿನ ಮೈಮೇಲೆ ಬೆಳಕು ಹಾಯಿಸಿ ಒಂದೊಂದು ಗೀರಿನ ಆಳವನ್ನೂ ಅಳೆಯುತ್ತದೆ. ಕಂಪ್ಯೂಟರಿನಲ್ಲಿ ಬೆಳಕನ್ನು ಓರೆಯಾಗಿ ಬೀಳಿಸಿದರೆ, ಬಿಸಿಲಲ್ಲಿ ನಿಂತು ಕಣ್ಣು ಕಿರಿದುಮಾಡಿದರೂ ಕಾಣದ ಸವೆದ ಅಕ್ಷರ ಎದ್ದು ಕಾಣುತ್ತದೆ. 1905ರಲ್ಲಿ ಬಿ.ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ ಬೆಂಗಳೂರು ಸಂಪುಟದಲ್ಲಿ ದಾಖಲಿಸಿದ ಎಷ್ಟೋ ಕಲ್ಲುಗಳು ರಸ್ತೆ, ಲೇಔಟುಗಳ ಅಡಿಗೆ ಹೋಗಿವೆ. ಉಳಿದವನ್ನು ಮೊಬೈಲಿನಲ್ಲೇ ಸುತ್ತ ತಿರುಗಿಸಿ ನೋಡಬಹುದು, ಪುಕ್ಕಟೆ. ಹೆಡ್‌ಸೆಟ್ ಬೇಡ.

ಹಲಸೂರಿನ ಪಕ್ಕದ ದೊಮ್ಮಲೂರಿನಲ್ಲಿ ಚೊಕ್ಕನಾಥಸ್ವಾಮಿ ದೇವಸ್ಥಾನವಿದೆ. ಅಲ್ಲಿನ ತಮಿಳು ಶಾಸನಗಳಲ್ಲಿ ಊರಿನ ಹೆಸರು ತೊಂಬಲೂರು ಎಂದಿದೆ. ಟ್ರಾಫಿಕ್ ಇಲ್ಲದಿದ್ದರೆ ಹಲಸೂರಿನಿಂದ ಆಟೊದಲ್ಲಿ ಹತ್ತು ನಿಮಿಷ. ತೆರೆಯ ಮೇಲೆ ಶಾಸನಗಳನ್ನು ತಿರುಗಿಸಿ ನೋಡಿದ ಮೇಲೆ ಒಮ್ಮೆ ಹೋಗಿ ಕಲ್ಲನ್ನೂ ನೋಡಿ ಬನ್ನಿ.